ತಳದಲ್ಲಿ ಟ್ಯೂಲಿಪ್

ನವೆಂಬರ್. ಕಾಲುವೆಯ ನೀರಿಗೆ ಹಳೇ ತವರದ ಬಣ್ಣ.
ಸೇತುವೆಮನೆಯ ಮೆಟ್ಟಿಲ ಮೇಲೆ
ಕುಂಡವನ್ನು ಮೊಣಕಾಲಲ್ಲಿ ಅಮುಕಿ ಹಿಡಿದು
ಒಡೆದ ತಟ್ಟೆಯ ಚೂರು ಹಾಸುತ್ತಾಳೆ ಅಫ್ಕ.
ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ;
ಕಡಲಿಗಿಂತ ತಗ್ಗಿನಲ್ಲಿರುವ ಈ ಊರಲ್ಲಿ
ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ.

ಮೂರು ಕಾಗದದ ಚೀಲ.
ಟ್ಯೂಲಿಪ್: ನೋಡಿದರೆ ಈರುಳ್ಳಿ, ಮೂಸಿದರೆ ಏನೂ ಅಲ್ಲ.
ಡ್ಯಾಫೊಡಿಲ್: ಜೋಡಿ ಮೂತಿ, ಜಗಳಗಂಟ ಅವಳಿಗಳ ಹಾಗೆ.
ಕ್ರೋಕಸ್: ಜೇಬಲ್ಲಿ ಮರೆತ ಗೋಲಿ.

ಅಕ್ಟೋಬರಿನಲ್ಲೇ ಬಂದಿತ್ತು ಪ್ರಾಂತ್ಯದ ಪತ್ರ:
ಏಪ್ರಿಲ್ ಒಂದರಿಂದ ಸೇತುವೆ ಎತ್ತುವುದು ಲೇವಾರ್ಡನ್ನಿನ ಕೋಣೆಯಿಂದ,
ಕ್ಯಾಮೆರಾ ನೋಡಿ.
ಮೂರ್ಖರ ದಿನವೇ ಸಿಕ್ಕಿತೇ ಎಂದು ನಕ್ಕಿದ್ದಳು,
ಆಮೇಲೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದ್ದಳು.
ಕ್ರೋಕಸ್ ಫೆಬ್ರವರಿಗೆ. ಅದು ನನ್ನದು.
ಡ್ಯಾಫೊಡಿಲ್ ಮಾರ್ಚಿಗೆ, ಚಳಿ ಸರಿದರೆ. ಅದೂ ನನ್ನದೇ ಅನ್ನೋಣ.
ಟ್ಯೂಲಿಪ್ ಮೇ ತಿಂಗಳಿಗೆ.

ಕಡೆಗೆ ಅರಳುವುದು ಎಲ್ಲಕ್ಕಿಂತ ಕೆಳಗೆ,
ಎಂದರೆ ಎಲ್ಲಕ್ಕಿಂತ ಮೊದಲು.
ತಾನು ನೋಡದ ಹೂವಿನ ಕೆಲಸ ಮುಗಿಸಿಯೇ
ನೋಡುವ ಹೂವಿಗೆ ಕೈಹಚ್ಚಬೇಕು.
ಎಂಥ ಲೆಕ್ಕವಪ್ಪಾ ಇದು.
ಚೀಲ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಆಗ ತಿರುವಿನಾಚೆ ಹಳೇ ಹಾಯಿದೋಣಿಯೊಂದು ಎರಡು ಸಲ ಕೂಗಿತು.
ಎದ್ದು ಗುಂಡಿ ಒತ್ತಿದಳು. ರಸ್ತೆ ನಡುವೆ ಬಿರಿದು ಆಕಾಶಕ್ಕೆ ನಿಂತಿತು.
ಗುಂಡಿಯ ಮೇಲೆ ಮಣ್ಣಿನ ಹೆಬ್ಬೆಟ್ಟು.
ಗಾಳದ ಕೋಲಿಗೆ ಕಟ್ಟಿದ ಮರದ ಬೂಟನ್ನು ದೋಣಿಯತ್ತ ತೂಗಿಬಿಟ್ಟಳು,
ನಾಣ್ಯ ಬಿತ್ತು, ಠಣ್.

ವಾಪಸು ಬಂದು, ಏನೂ ಯೋಚಿಸದೆ,
ಹದಿನೈದು ಟ್ಯೂಲಿಪ್ ಜೋಡಿಸಿದಳು ಮೂತಿ ಮೇಲಾಗಿ,
ಒಂದಕ್ಕೊಂದು ಭುಜ ತಾಗದ ಹಾಗೆ. ಮಣ್ಣು.
ಅವುಗಳ ಸಂದಿನ ನೇರಕ್ಕೆ ಡ್ಯಾಫೊಡಿಲ್. ಮಣ್ಣು.
ಕ್ರೋಕಸ್ ಮಾತ್ರ ಹಿಡಿಯಲ್ಲಿ ತುಂಬಿ
ಎರಚಿದ್ದು ಎರಚಿದ ಕಡೆ. ಮತ್ತೆ ಮಣ್ಣು.

ಬರೀ ಮಣ್ಣನ್ನು ಮೂರು ತಿಂಗಳು ನೋಡುವವರು ಯಾರು?
ಮೇಲೆ ಎಲೆಗಳು:
ನಡುವೆ ಅಲಂಕಾರದ ಕೋಸು, ನೇರಳೆ ಜಾಲರಿಯ ಲಂಗ,
ಸುತ್ತ ವೈನು ಚೆಲ್ಲಿದ ಬಣ್ಣದ ಹ್ಯೂಕೆರಾ,
ಅಂಚಿನಿಂದ ಇಳಿಬಿದ್ದ ಐವಿ.
'ಬೇಯಿಸಲಿಕ್ಕಾ?' ಕೇಳಿದ ಸೈಕಲ್ಲಿನ ಅಂಚೆಯವನು.
'ಅಲ್ಲ, ಕಾಯಲಿಕ್ಕೆ.'

ಫೆಬ್ರವರಿಯಲ್ಲಿ ಕ್ಯಾಮೆರಾ ಹಚ್ಚಲು ವೀಬ್ರೆನ್ ಬಂದ.
ಏಣಿಗೆ ಕುಂಡ ಅಡ್ಡ. ಸರಿಸಲು ಬಗ್ಗಿದವನು ಬಗ್ಗಿದಂತೆಯೇ ನಿಂತ:
ಕೋಸಿನ ಲಂಗ ಹರಿದುಕೊಂಡು ಏಳು ಕ್ರೋಕಸ್,
ಹಳದಿ, ಬೆರಳತುದಿಯಷ್ಟು.
ಏಣಿಯನ್ನೇ ಸರಿಸಿದ.

ಮಾರ್ಚ್ ಮೂವತ್ತೊಂದರ ಸಂಜೆ ಡ್ಯಾಫೊಡಿಲ್ ಅರ್ಧ ಬಾಡಿತ್ತು.
ಬೀಗದ ಕೈ ಒಪ್ಪಿಸಿದಳು. ಥರ್ಮಾಸ್ ಎತ್ತಿಕೊಂಡಳು.
ಮರದ ಬೂಟು ಮೊಳೆಯಲ್ಲೇ ಇರಲಿ ಅಂದಳು.
ಕುಂಡದ ಮಾತು ಯಾರೂ ಎತ್ತಲಿಲ್ಲ.

ಮೇ. ಬೆಳಗಿನ ಐದು. ಆ ಹೊತ್ತಿಗೆ ಏಳುವ ಚಾಳಿ ಇನ್ನೂ ಬಿಟ್ಟಿಲ್ಲ.
ಫೋನಿನಲ್ಲಿ ಒಂದು ಹುಡುಗಿ, ಸಿಟ್ಸ್ಕ ಅಂತೆ,
ಒಂಬತ್ತು ಸೇತುವೆ, ಒಂಬತ್ತು ತೆರೆ ನೋಡಿಕೊಳ್ಳುವವಳು:
'ನಿಮ್ಮ ತೆರೆಯ ಕೆಳಮೂಲೆಯಲ್ಲಿ ಏನೋ ಅಲ್ಲಾಡುತ್ತಿದೆ,
ಮುಷ್ಟಿ ಕಟ್ಟಿದ ಹಾಗೆ, ಹದಿನಾಲ್ಕು.'
'ಹದಿನೈದು.'
'ಹದಿನಾಲ್ಕು. ಎರಡು ಸಲ ಎಣಿಸಿದೆ.'
ಒಂದು ಕೊಳೆತಿರಬೇಕು. ಇಲ್ಲಾ ಇಲಿ.
'ಕತ್ತಲಲ್ಲಿ ಕ್ಯಾಮೆರಾಗೆ ಎಲ್ಲ ಬೂದು. ಬೆಳಕಾಗುವ ಮೊದಲೇ ನನ್ನ ಪಾಳಿ ಮುಗಿಯುತ್ತದೆ.
ಬಣ್ಣ ಯಾವುದು, ಅಷ್ಟು ಹೇಳಿಬಿಡಿ.'

ಚೀಲದ ಮೇಲೆ ಕಿತ್ತಳೆ ಅಂತಿತ್ತು.
ಚೀಲಗಳು ಸುಳ್ಳು ಹೇಳುವುದುಂಟು.
ಸೈಕಲ್ಲಿಗೆ ಹನ್ನೆರಡು ನಿಮಿಷ, ಎದುರುಗಾಳಿಗೆ ಇಪ್ಪತ್ತು.
ಕೋಟಿನ ಒಂದು ತೋಳು ಆಗಲೇ ಏರಿಸಿಕೊಂಡಿದ್ದಳು.
'ತೆರೆ ನೋಡುತ್ತಿರು,' ಅಂದಳು,
'ಅಲ್ಲಿಗೇ ಬಂದು ಹೇಳುತ್ತೇನೆ.'